ಕೂಲಿ ಬಿಟ್ಟು ಬರುವ ಕುಟುಂಬ

ನ್ಯೂಯಾರ್ಕ್ ನಗರದ ಉತ್ತರಕ್ಕೆ, ಹಡ್ಸನ್ ನದಿಯ ದಡದ ಈಸೋಪಸ್ ಎಂಬ ಊರಿನಲ್ಲಿ ವಿಲ್ಟ್‌ವಿಕ್ ಎಂಬ ವಸತಿ ಶಾಲೆಯೊಂದಿತ್ತು. ಕಳ್ಳತನ, ಹೊಡೆದಾಟ, ಶಾಲೆಗೆ ಚಕ್ಕರ್ ಎಂದು ಬಾಲ ನ್ಯಾಯಾಲಯದ ಮೆಟ್ಟಿಲು ಹತ್ತಿದ ಹುಡುಗರನ್ನು ಅಲ್ಲಿಗೆ ಕಳಿಸುತ್ತಿದ್ದರು. ಬಹುಪಾಲು ಮಕ್ಕಳು ಹಾರ್ಲೆಮ್ ಮತ್ತು ಅಂಥದೇ ಬಡ ಕೇರಿಗಳಿಂದ ಬಂದವರು. ಆಫ್ರಿಕನ್-ಅಮೆರಿಕನ್ ಅಥವಾ ಪೋರ್ಟೊರಿಕೊ ಮೂಲದವರು. ಮುಂದೆ ಬಾಕ್ಸಿಂಗ್‌ನಲ್ಲಿ ವಿಶ್ವ ಹೆವಿವೇಟ್ ಚಾಂಪಿಯನ್ ಆದ ಫ್ಲಾಯ್ಡ್ ಪ್ಯಾಟರ್ಸನ್, ಲೇಖಕ ಕ್ಲಾಡ್ ಬ್ರೌನ್ ಇಬ್ಬರೂ ಆ ಶಾಲೆಯಲ್ಲಿದ್ದವರು. ನದಿ, ಬಯಲು, ಹೊತ್ತಿಗೆ ಸರಿಯಾಗಿ ಊಟ, ಅಕ್ಕರೆಯಿಂದ ನೋಡಿಕೊಳ್ಳುವ ಶಿಕ್ಷಕರು: ಎಲ್ಲವೂ ಇತ್ತು. ಹುಡುಗರು ಅಲ್ಲಿದ್ದಷ್ಟು ದಿನ ಚೆನ್ನಾಗಿಯೇ ಇರುತ್ತಿದ್ದರು. ಮನೆಗೆ ಹೋದ ಮೇಲೆ ಅನೇಕರು ಮತ್ತೆ ಹಳೆಯ ದಾರಿಗೇ ಬೀಳುತ್ತಿದ್ದರು.

1950ರ ದಶಕದ ಕೊನೆಯ ಹೊತ್ತಿಗೆ ಅಲ್ಲಿ ಕೆಲಸಕ್ಕಿದ್ದ ಮನೋವೈದ್ಯ ಸಾಲ್ವಡೋರ್ ಮಿನುಚಿನ್ ಅವರನ್ನು ಇದು ಬಿಡದೆ ಕಾಡಿತು. ಅವರು 1921ರಲ್ಲಿ ಅರ್ಜೆಂಟೀನಾದ ಎಂತ್ರೆ ರಿಯೋಸ್ ಪ್ರಾಂತದ ಸಣ್ಣ ಊರೊಂದರ ಯಹೂದಿ ಮನೆತನದಲ್ಲಿ ಹುಟ್ಟಿದವರು. ಜಾಗತಿಕ ಆರ್ಥಿಕ ಕುಸಿತದ ಕಾಲದಲ್ಲಿ ತಂದೆಯ ವ್ಯಾಪಾರ ಮುಳುಗಿದ್ದನ್ನು ಕಂಡವರು. ವಿದ್ಯಾರ್ಥಿಯಾಗಿದ್ದಾಗ ಅಲ್ಲಿನ ನಾಯಕ ಪೆರೋನ್ ಆಡಳಿತವನ್ನು ಪ್ರತಿಭಟಿಸಿ ಜೈಲಿಗೆ ಹೋಗಿ ಬಂದಿದ್ದರು. ನ್ಯೂಯಾರ್ಕ್‌ನಲ್ಲಿ ಅವರು ಕಲಿತದ್ದು ಮನೋವಿಶ್ಲೇಷಣೆ. ರೋಗಿಯೊಬ್ಬನನ್ನು ಎದುರಿಗಿಟ್ಟುಕೊಂಡು, ವಾರಕ್ಕೆ ಹಲವು ಸಲ, ವರ್ಷಗಟ್ಟಲೆ ಮಾತಾಡಿಸುವ ವಿದ್ಯೆ ಅದು. ಆ ವಿದ್ಯೆಯ ಪ್ರಕಾರ ಈ ಹುಡುಗರೂ ಅವರ ತಾಯಂದಿರೂ ಚಿಕಿತ್ಸೆಗೆ ಒಗ್ಗುವವರೇ ಅಲ್ಲ. ಮನಸ್ಸಿನೊಳಗಿನದನ್ನು ಹೆಕ್ಕಿ ಹೇಳಲು ಬಾರದವರು, ಕೊಟ್ಟ ಹೊತ್ತಿಗೆ ಬಾರದವರು ಎಂದು ಆ ಕಾಲದ ತಜ್ಞರು ಬಡವರನ್ನು ಬದಿಗೆ ಸರಿಸಿಬಿಟ್ಟಿದ್ದರು.

ಚಿಕಿತ್ಸೆ ಜನಕ್ಕೆ ಒಗ್ಗದಿದ್ದರೆ ಬದಲಾಗಬೇಕಾದದ್ದು ಚಿಕಿತ್ಸೆ ಎಂದುಕೊಂಡರು ಮಿನುಚಿನ್. ಇಂದು ಇದು ಸಾಮಾನ್ಯ ತಿಳಿವಳಿಕೆಯಂತೆ ಕಾಣಬಹುದು. ಅಂದು ಹಾಗಿರಲಿಲ್ಲ. ಬ್ರಾಲಿಯೋ ಮೊಂಟಾಲ್ವೊ ಮತ್ತಿತರ ಸಂಗಾತಿಗಳೊಂದಿಗೆ ಸೇರಿ ಅವರು ಶಾಲೆಯ ಒಂದು ಗೋಡೆ ಒಡೆಸಿ, ಒಂದು ಕಡೆಯಿಂದ ಮಾತ್ರ ಕಾಣುವ ಗಾಜು ಹಾಕಿಸಿದರು. ಒಬ್ಬರು ಒಳಗೆ ಕುಟುಂಬದ ಜೊತೆ ಕುಳಿತರೆ ಉಳಿದವರು ಗಾಜಿನ ಆಚೆಯಿಂದ ನೋಡುವುದು, ಆಮೇಲೆ ಎಲ್ಲಿ ತಪ್ಪಿತು ಎಂದು ಚರ್ಚಿಸುವುದು. ಕಲಿಸಲು ಗುರುಗಳಿರಲಿಲ್ಲ, ಒಬ್ಬರನ್ನೊಬ್ಬರು ನೋಡಿ ಕಲಿತರು. ಹುಡುಗನೊಬ್ಬನನ್ನೇ ಕರೆಯುವ ಬದಲು ತಾಯಿ, ಅಕ್ಕ, ತಮ್ಮಂದಿರು, ಅಜ್ಜಿ ಎಲ್ಲರನ್ನೂ ಕರೆದರು. ಮೊದಲು ಇಡೀ ಕುಟುಂಬದೊಡನೆ ಮಾತು. ನಂತರ ತಾಯಿಯ ಜೊತೆ ಒಬ್ಬ ಚಿಕಿತ್ಸಕ, ಮಕ್ಕಳ ಜೊತೆ ಇನ್ನೊಬ್ಬ. ಕೊನೆಗೆ ಮತ್ತೆ ಎಲ್ಲರೂ ಒಟ್ಟಿಗೆ. ಗಲಾಟೆಯಲ್ಲಿ ಒಬ್ಬರ ಮಾತು ಒಬ್ಬರಿಗೆ ಕೇಳದ ಮನೆಗಳಿಗೆ ಈ ಏರ್ಪಾಡು ಹೇಳಿ ಮಾಡಿಸಿದಂತಿತ್ತು.

ಅಲ್ಲಿ ಕಂಡದ್ದೇನು? ತಾಯಿ ಒಂದು ದಿನ ಮಗನ ತಪ್ಪಿಗೆ ಹೊಡೆಯುತ್ತಾಳೆ, ಮರುದಿನ ಅದೇ ತಪ್ಪನ್ನು ನೋಡಿಯೂ ಸುಮ್ಮನಿರುತ್ತಾಳೆ. ಅವಳ ದಣಿವು, ಸಿಟ್ಟು, ಚಿಂತೆಗಳ ಮೇಲೆ ಎಲ್ಲವೂ ನಿಂತಿದೆ. ಹಾಗಾಗಿ ಮಗು ಮನೆಯ ನಿಯಮವನ್ನು ಕಲಿಯುವುದಿಲ್ಲ, ತಾಯಿಯ ಮುಖ ನೋಡಿ ನಡೆಯುವುದನ್ನು ಕಲಿಯುತ್ತದೆ. ತಾಯಿ ಕಣ್ಣೆದುರಿಗಿಲ್ಲದಾಗ ಹಿಡಿತವೂ ಇಲ್ಲ. ಇನ್ನೊಂದು ಮನೆಯಲ್ಲಿ ದೊಡ್ಡ ಮಗಳೇ ತಾಯಿ. ತಮ್ಮಂದಿರಿಗೆ ಊಟ ಹಾಕುವುದು, ಶಾಲೆಗೆ ಕಳಿಸುವುದು, ಗದರುವುದು ಎಲ್ಲ ಅವಳದೇ. ತಾಯಿ ಎರಡು ಕಡೆ ದುಡಿಯುವ ಮನೆಯಲ್ಲಿ ಇದು ತಪ್ಪಲ್ಲ, ಅನಿವಾರ್ಯ. ಹೊಣೆಯೆಲ್ಲ ಹುಡುಗಿಯ ಹೆಗಲಿಗೆ ಬಿದ್ದು, ಅದಕ್ಕೆ ತಕ್ಕ ಅಧಿಕಾರವನ್ನೂ ಆಸರೆಯನ್ನೂ ತಾಯಿ ಕೊಡದಿದ್ದಾಗ ಮನೆ ಹಳಿ ತಪ್ಪುತ್ತದೆ. ಮಿನುಚಿನ್ ತಂಡ ಅಂಥ ಕಡೆ ಉಪದೇಶ ಮಾಡಲಿಲ್ಲ. ‘ಇಲ್ಲೇ, ಈಗಲೇ ಮಗನಿಗೆ ನೀವು ಹೇಳಬೇಕಾದದ್ದನ್ನು ಹೇಳಿ, ನಾವು ಕೂತಿರುತ್ತೇವೆ’ ಎನ್ನುವಂಥ ದಾರಿ ಹಿಡಿಯಿತು. ವಿವರಿಸಲು ಮಾತು ಸಾಲದವರಿಗೂ ಮಾಡಿ ತೋರಿಸಲು ಬರುತ್ತದೆ. ಕುರ್ಚಿಗಳನ್ನು ಆಚೀಚೆ ಸರಿಸಿ, ಯಾರ ಪಕ್ಕ ಯಾರು ಕೂರಬೇಕು, ಯಾರು ಮಾತಾಡುವಾಗ ಯಾರು ಸುಮ್ಮನಿರಬೇಕು ಎಂದು ಕಣ್ಣೆದುರೇ ಬದಲಾಯಿಸುವ ಈ ವಿಧಾನ ಮುಂದೆ ಪ್ರಪಂಚದಾದ್ಯಂತದ ಕುಟುಂಬ ಚಿಕಿತ್ಸೆಯ ಪಠ್ಯವಾಯಿತು. ಇಂದು ನಗರಗಳ ಖಾಸಗಿ ಕ್ಲಿನಿಕ್ಕುಗಳಲ್ಲಿ ಗಂಟೆಗೆ ಸಾವಿರಾರು ರೂಪಾಯಿ ತೆತ್ತು ಪಡೆಯುವ ಚಿಕಿತ್ಸೆಯ ಒಂದು ಬೇರು ಹಾರ್ಲೆಮ್‌ನ ಬಾಡಿಗೆ ಮನೆಗಳಲ್ಲಿದೆ ಎಂಬುದನ್ನು ಮರೆಯಬಾರದು.

ಈ ಅನುಭವ ‘ಫ್ಯಾಮಿಲೀಸ್ ಆಫ್ ದ ಸ್ಲಮ್ಸ್’ ಎಂಬ ಹೆಸರಿನಲ್ಲಿ 1967ರಲ್ಲಿ ಪುಸ್ತಕವಾಯಿತು. ಅದಕ್ಕೆ ಎರಡು ವರ್ಷ ಮೊದಲು, 1965ರಲ್ಲಿ, ಅಮೆರಿಕದ ಕಾರ್ಮಿಕ ಇಲಾಖೆಯಲ್ಲಿದ್ದ ಡೇನಿಯಲ್ ಮೊಯ್ನಿಹಾನ್ ಒಂದು ವರದಿ ಬರೆದಿದ್ದರು. ಕಪ್ಪು ಜನರ ಬಡತನದ ಚರ್ಚೆಯಲ್ಲಿ ಅವರ ಕುಟುಂಬಗಳ ಒಡಕನ್ನೇ ನಡುಮಧ್ಯಕ್ಕೆ ತಂದಿಟ್ಟ ವರದಿ ಅದು. ತಂದೆಯಿಲ್ಲದ ಮನೆ, ತಾಯಿಯ ಯಜಮಾನಿಕೆ, ದಾರಿ ತಪ್ಪಿದ ಮಕ್ಕಳು: ಚರ್ಚೆ ಇದರ ಸುತ್ತಲೇ ಸುತ್ತಿತು. ಮನೋವಿಜ್ಞಾನಿ ವಿಲಿಯಂ ರಯಾನ್ 1971ರಲ್ಲಿ ಒಂದು ಪುಸ್ತಕವನ್ನೇ ಬರೆದು, ಪೆಟ್ಟು ತಿಂದವರ ಮೇಲೇ ತಪ್ಪು ಹೊರಿಸುವ ಈ ಚಾಳಿಯನ್ನು ಬಯಲಿಗೆಳೆದರು. ಮಿನುಚಿನ್ ತಂಡದ ಪುಸ್ತಕದಲ್ಲೂ ಬಡ ಕುಟುಂಬಗಳನ್ನು ‘ಅಸ್ತವ್ಯಸ್ತ’ ಎಂದು ಗುರುತಿಸುವ ಭಾಷೆ ಇತ್ತು. ಹಾರ್ಲೆಮ್‌ನಲ್ಲೇ ಹುಟ್ಟಿದ, ಪೋರ್ಟೊರಿಕೊ ಮೂಲದ ಹ್ಯಾರಿ ಅಪಾಂಟೆ ಮುಂದೆ ಅದನ್ನು ತಿದ್ದಿದರು. ಈ ಮನೆಗಳು ಮುರಿದು ಬಿದ್ದವಲ್ಲ, ಕಟ್ಟಿಕೊಳ್ಳಲು ಬೇಕಾದ ಸಾಮಗ್ರಿ ಸಿಗದೆ ಅರ್ಧಕ್ಕೆ ನಿಂತವು ಎಂಬುದು ಅವರ ನಿಲುವು. 1994ರ ಅವರ ಪುಸ್ತಕದ ಹೆಸರು ‘ಬ್ರೆಡ್ ಅಂಡ್ ಸ್ಪಿರಿಟ್’: ರೊಟ್ಟಿಯೂ ಬೇಕು, ಬದುಕಿಗೊಂದು ಅರ್ಥವೂ ಬೇಕು.

ರೊಟ್ಟಿಯ ಮಾತು ಇಲ್ಲಿ ಅಲಂಕಾರವಲ್ಲ. 1980ರ ದಶಕದಲ್ಲಿ ಅಮೆರಿಕದ ಅಯೋವಾ ರಾಜ್ಯದಲ್ಲಿ ಜಮೀನಿನ ಬೆಲೆ ಕುಸಿದು ರೈತರು ಸಾಲದಲ್ಲಿ ಮುಳುಗಿದರು. ಸಮಾಜಶಾಸ್ತ್ರಜ್ಞ ರ‍್ಯಾಂಡ್ ಕಾಂಜರ್ ಅಲ್ಲಿನ 451 ಕುಟುಂಬಗಳ ಜಾಡು ಹಿಡಿದು ಹೊರಟರು. ಬಿಲ್ಲು ಕಟ್ಟಲಾಗದ ಒತ್ತಡ ಮೊದಲು ತಂದೆ ತಾಯಿಯ ಮನಸ್ಸನ್ನು ಕುಗ್ಗಿಸುತ್ತದೆ. ಕುಗ್ಗಿದ ಮನಸ್ಸು ಗಂಡ ಹೆಂಡಿರ ಜಗಳವಾಗುತ್ತದೆ. ಜಗಳ ಮಕ್ಕಳ ಮೇಲಿನ ಸಿಡುಕಾಗಿ, ಪೆಟ್ಟಾಗಿ ಇಳಿಯುತ್ತದೆ. ಮಗುವಿನ ಓದು, ನಡತೆ ಕೆಡುವುದು ಆಮೇಲೆ. ಬಡತನ ನೇರವಾಗಿ ಮಗುವನ್ನಷ್ಟೇ ಮುಟ್ಟುವುದಿಲ್ಲ, ಮನೆಮಂದಿಯ ಸಂಬಂಧಗಳ ಮೂಲಕವೂ ಮುಟ್ಟುತ್ತದೆ. ಕುಟುಂಬ ಚಿಕಿತ್ಸೆಗೆ ಅಲ್ಲಿ ಕೆಲಸವಿರುವುದು ಇದೇ ಕಾರಣಕ್ಕೆ.

ಇನ್ನೊಂದು ಅಧ್ಯಯನ ಇದಕ್ಕಿಂತ ಬೆರಗಿನದು. ಉತ್ತರ ಕ್ಯಾರೊಲಿನಾ ರಾಜ್ಯದ ಬೆಟ್ಟಸೀಮೆಯಲ್ಲಿ ಜೇನ್ ಕಾಸ್ಟೆಲೊ ಎಂಬ ವಿಜ್ಞಾನಿ 1993ರಿಂದ 1,420 ಮಕ್ಕಳ ಮಾನಸಿಕ ಆರೋಗ್ಯವನ್ನು ಗಮನಿಸುತ್ತಿದ್ದರು. ಅವರಲ್ಲಿ ಸುಮಾರು ಕಾಲು ಭಾಗ ಚೆರೋಕೀ ಬುಡಕಟ್ಟಿನವರು. ನಡುವೆ ಬುಡಕಟ್ಟಿನ ಜಾಗದಲ್ಲಿ ಕ್ಯಾಸಿನೊ ತೆರೆಯಿತು. ಲಾಭದ ಒಂದು ಪಾಲು 1996ರಿಂದ ಬುಡಕಟ್ಟಿನ ಪ್ರತಿಯೊಬ್ಬರಿಗೂ, ಯಾವ ಷರತ್ತೂ ಇಲ್ಲದೆ, ನಗದಾಗಿ ಸಿಗತೊಡಗಿತು. 2003ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಬಡತನದಿಂದ ಮೇಲೆ ಬಂದ ಮನೆಗಳ ಮಕ್ಕಳಲ್ಲಿ ಪುಂಡಾಟ, ಜಗಳಗಂಟತನದಂಥ ನಡತೆಯ ತೊಂದರೆಗಳು ಶೇ 40ರಷ್ಟು ತಗ್ಗಿ, ಎಂದೂ ಬಡತನ ಕಾಣದ ಮಕ್ಕಳ ಮಟ್ಟಕ್ಕೆ ಬಂದಿದ್ದವು. ದುಗುಡ, ಖಿನ್ನತೆಗಳು ಅಷ್ಟಾಗಿ ಬದಲಾಗಿರಲಿಲ್ಲ. ನಡತೆ ಸುಧಾರಿಸಿದ್ದಕ್ಕೆ ಸಂಶೋಧಕರು ಕಂಡುಕೊಂಡ ಮುಖ್ಯ ಕಾರಣ ಒಂದೇ: ತಂದೆ ತಾಯಿಗೆ ಮಕ್ಕಳ ಮೇಲೆ ಕಣ್ಣಿಡಲು ಬಿಡುವು ಸಿಕ್ಕಿತ್ತು. ಯಾವ ಆಪ್ತಸಮಾಲೋಚಕರೂ ಆ ಮನೆಗಳಿಗೆ ಹೋಗಿ ಮಕ್ಕಳನ್ನು ಬೆಳೆಸುವುದು ಹೇಗೆಂದು ಹೇಳಿಕೊಟ್ಟಿರಲಿಲ್ಲ.

ನಮ್ಮ ನೆರೆಯ ತಮಿಳುನಾಡಿನಲ್ಲೂ ಇಂಥದೇ ಸಾಕ್ಷ್ಯ ಇದೆ. 464 ಕಬ್ಬು ಬೆಳೆಗಾರರಿಗೆ ಕಟಾವಿಗೆ ಮೊದಲು, ಕೈ ಬರಿದಾಗಿದ್ದಾಗ ಒಮ್ಮೆ, ಕಟಾವಿನ ನಂತರ ಹಣ ಬಂದಾಗ ಇನ್ನೊಮ್ಮೆ ಬುದ್ಧಿ ಪರೀಕ್ಷೆ ಕೊಟ್ಟರು. 2013ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಅದೇ ರೈತರು ಕಟಾವಿನ ಮೊದಲು ಕಡಿಮೆ ಅಂಕ ಪಡೆದಿದ್ದರು. ಸಾಲದ ಲೆಕ್ಕ ತಲೆ ತುಂಬಿದಾಗ ಬೇರೆಯದಕ್ಕೆ ಜಾಗ ಸಾಲದು. ‘ನೀವು ಮಗನೊಡನೆ ದಿನಕ್ಕೆ ಅರ್ಧ ಗಂಟೆ ಶಾಂತವಾಗಿ ಮಾತಾಡಿ’ ಎಂದು ಅಂಥ ಮನೆಗೆ ಹೇಳಿ ಕಳಿಸುವ ಸಲಹೆ ಎಷ್ಟು ಒಳ್ಳೆಯದಾಗಿದ್ದರೂ ಎಲ್ಲಿಗೆ ಮುಟ್ಟೀತು?

ಇದೇ ಪ್ರಶ್ನೆಯನ್ನು ನೇರವಾಗಿ ಕೈಗೆತ್ತಿಕೊಂಡವರು ನ್ಯೂಜಿಲೆಂಡಿನ ಲೋವರ್ ಹಟ್ ಪಟ್ಟಣದ ಫ್ಯಾಮಿಲಿ ಸೆಂಟರ್‌ನವರು. ಪಾದ್ರಿಯೂ ಮನೋವಿಜ್ಞಾನಿಯೂ ಆದ ಚಾರ್ಲ್ಸ್ ವಾಲ್ಡೆಗ್ರೇವ್, ಸಮೋವಾದ ಕಿವಿ ತಮಾಸೆಸೆ, ಮಾವೊರಿ ಸಮುದಾಯದ ಫ್ಲೋರಾ ತುಹಾಕ, ವಾರಿಹಿ ಕ್ಯಾಂಬೆಲ್ ಸೇರಿ ನಡೆಸಿದ ಸಂಸ್ಥೆ ಅದು. ಖಿನ್ನತೆ, ಹೊಡೆತ, ಮಕ್ಕಳ ಹಾಸಿಗೆ ಒದ್ದೆ ಎಂದು ಬರುತ್ತಿದ್ದ ಕುಟುಂಬಗಳಲ್ಲಿ ಬಹಳ ಮಂದಿಗೆ ಸರಿಯಾದ ಮನೆಯಿರಲಿಲ್ಲ, ಕೆಲಸವಿರಲಿಲ್ಲ. ನಾಲ್ಕು ಸಲ ಮಾತಾಡಿಸಿ, ಮನಸ್ಸು ಹಗುರ ಮಾಡಿ, ಅದೇ ಥಂಡಿ ಮನೆಗೆ ವಾಪಸು ಕಳಿಸಿದರೆ ತಾವು ಅವರನ್ನು ಬಡತನಕ್ಕೆ ಹೊಂದಿಕೊಳ್ಳುವಂತೆ ಮಾಡಿದಂತಾಯಿತಲ್ಲವೇ ಎಂದು ಈ ಚಿಕಿತ್ಸಕರು ತಮ್ಮನ್ನೇ ಕೇಳಿಕೊಂಡರು. ಆಮೇಲೆ ಅವರು ಚಿಕಿತ್ಸೆ ನಿಲ್ಲಿಸಲಿಲ್ಲ. ಅದರ ಜೊತೆಗೆ ವಸತಿ, ಉದ್ಯೋಗದ ಹೋರಾಟಗಳಿಗೆ ಇಳಿದರು, ದೇಶದ ಬಡತನವನ್ನು ಅಳೆಯುವ ಸಂಶೋಧನೆಗೂ ಕೈ ಹಾಕಿದರು. ತಮ್ಮ ಕೆಲಸಕ್ಕೆ ‘ಜಸ್ಟ್ ಥೆರಪಿ’, ಅಂದರೆ ನ್ಯಾಯದ ಚಿಕಿತ್ಸೆ, ಎಂದು ಹೆಸರಿಟ್ಟರು. ಬಡವರ ನಡುವೆ ಕೆಲಸ ಮಾಡುವ ಯಾವ ಆಪ್ತಸಮಾಲೋಚಕರಿಗೂ ಈ ಉದಾಹರಣೆ ಗೊತ್ತಿರಬೇಕು.

ಮತ್ತೆ ಮಿನುಚಿನ್ ಅವರತ್ತ ಬರೋಣ. ಅವರು 1965ರಲ್ಲಿ ಫಿಲಡೆಲ್ಫಿಯಾದ ಚೈಲ್ಡ್ ಗೈಡೆನ್ಸ್ ಕ್ಲಿನಿಕ್‌ನ ಮುಖ್ಯಸ್ಥರಾದರು. ಅಲ್ಲಿ ಅವರೂ ಕುಟುಂಬ ಚಿಕಿತ್ಸಕ ಜೇ ಹೇಲಿಯೂ ಮೊಂಟಾಲ್ವೊ ಅವರೂ ಮಾಡಿದ ದಿಟ್ಟ ಕೆಲಸ ಎಂದರೆ, ಕ್ಲಿನಿಕ್ಕಿನ ಸುತ್ತಲಿನ ಬಡ ಬಡಾವಣೆಗಳಿಂದಲೇ, ಪದವಿಯಿಲ್ಲದ ಜನರನ್ನು ಆರಿಸಿ ಕುಟುಂಬ ಚಿಕಿತ್ಸಕರಾಗಿ ತರಬೇತು ಮಾಡಿದ್ದು. ಹೊಸಬರು ಕುಟುಂಬದ ಜೊತೆ ಕುಳಿತಾಗ ಗಾಜಿನ ಆಚೆಯಿಂದ ಹಿರಿಯರು ನೋಡುತ್ತಿದ್ದರು, ಬೇಕಾದಾಗ ಮಧ್ಯದಲ್ಲೇ ಮಾರ್ಗದರ್ಶನ ಕೊಡುತ್ತಿದ್ದರು. ಆ ಕೇರಿಯ ಬದುಕು ಗೊತ್ತಿದ್ದವರಿಗೆ ಅರ್ಧ ಕೆಲಸ ಬಾಗಿಲಲ್ಲೇ ಮುಗಿದಿರುತ್ತಿತ್ತು. ಇಡೀ ಕುಟುಂಬ ಬಂದು ಉಳಿಯಲು ಕ್ಲಿನಿಕ್ಕಿನಲ್ಲೇ ಮನೆಗಳಿದ್ದವು.

1998ರಲ್ಲಿ ಪತ್ನಿ ಪೆಟ್ರೀಷಿಯಾ ಮತ್ತು ಹೋರ್ಹೆ ಕೊಲಾಪಿಂಟೊ ಜೊತೆ ಬರೆದ ಪುಸ್ತಕದಲ್ಲಿ ಮಿನುಚಿನ್ ಬೆರಳಿಟ್ಟು ತೋರಿಸಿದ್ದು ಇನ್ನೊಂದು ಕಾಯಿಲೆಯನ್ನು. ಅದು ಕುಟುಂಬದ್ದಲ್ಲ, ಕಚೇರಿಗಳದ್ದು. ಮಗುವಿಗೆ ಒಂದು ಇಲಾಖೆ, ತಾಯಿಯ ಚಟ ಬಿಡಿಸಲು ಇನ್ನೊಂದು, ಕೋರ್ಟು ಬೇರೆ, ಶಾಲೆ ಬೇರೆ, ವಸತಿಗೆ ಮತ್ತೊಂದು. ಪ್ರತಿಯೊಬ್ಬರೂ ಸದುದ್ದೇಶದಿಂದಲೇ ಮನೆಯ ಒಂದೊಂದು ತುಂಡು ಹಿಡಿದು ಎಳೆಯುತ್ತಾರೆ. ಮನೆ ಮಾತ್ರ ಮನೆಯಾಗಿ ಉಳಿಯುವುದಿಲ್ಲ. ತಾಯಿಯಿಂದ ಬೇರ್ಪಡಿಸಿ ಸಾಕು ಮನೆಗೆ ಕೊಟ್ಟ ಮಕ್ಕಳ ವಿಷಯದಲ್ಲಿ ಅವರ ತಂಡ ಹೆತ್ತವರನ್ನೂ ಸಾಕುವವರನ್ನೂ ಒಂದೇ ಕೋಣೆಯಲ್ಲಿ ಕೂರಿಸಿ ಮಾತಾಡಿಸಿತು. ತಾಲ್ಲೂಕು ಕಚೇರಿ, ಅಂಗನವಾಡಿ, ಪೊಲೀಸ್ ಠಾಣೆ, ಸರ್ಕಾರಿ ಆಸ್ಪತ್ರೆಗಳ ನಡುವೆ ಅದೇ ಕಥೆಯನ್ನು ಮತ್ತೆ ಮತ್ತೆ ಹೇಳಿ ಸುಸ್ತಾದ ನಮ್ಮ ಹೆಣ್ಣುಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಭಾರತದಲ್ಲಿ ಕುಟುಂಬ ಚಿಕಿತ್ಸಾ ಕೋಣೆಗೆ ಬಂದದ್ದು ಬೇರೆ ದಾರಿಯಿಂದ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಆವರಣದಲ್ಲೇ ಡೇರೆ ಹಾಕಿಸಿ ರೋಗಿಗಳ ಮನೆಯವರನ್ನು ಜೊತೆಗೇ ಉಳಿಸಿಕೊಂಡರು. ಹಾಸಿಗೆಗೂ ಸಿಬ್ಬಂದಿಗೂ ತತ್ವಾರವಿದ್ದ ಕಾಲದಲ್ಲಿ ಹುಟ್ಟಿದ ಈ ಏರ್ಪಾಡಿನಿಂದ ರೋಗಿಗಳು ಬೇಗ ಚೇತರಿಸಿಕೊಂಡರು, ಮನೆಯವರಿಗೂ ಕಾಯಿಲೆಯ ಭಯ ಬಿಟ್ಟಿತು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 1970ರ ದಶಕದಿಂದ ಕುಟುಂಬ ಮನೋವೈದ್ಯ ಕೇಂದ್ರವೇ ಬೆಳೆಯಿತು; ಗಂಡ ಹೆಂಡತಿ ಮಕ್ಕಳು ಬಂದು ಉಳಿದು ಚಿಕಿತ್ಸೆ ಪಡೆಯುವ ವ್ಯವಸ್ಥೆ ಅಲ್ಲಿದೆ. ಅದೇ ಸಂಸ್ಥೆ ಸಕಲವಾರದಲ್ಲಿ ಗ್ರಾಮೀಣ ಕೇಂದ್ರ ತೆರೆಯಿತು, 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಮೂಲಕ ಮನೋವೈದ್ಯ ಸೇವೆ ಕೊಡಬಹುದೆಂದು ತೋರಿಸಿತು. ಆ ಬಳ್ಳಾರಿ ಮಾದರಿಯನ್ನು ಆಧರಿಸಿಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾದದ್ದು. ಕರ್ನಾಟಕಕ್ಕೆ ಇದು ಹೆಮ್ಮೆಯ ಸಂಗತಿ.

ಆದರೆ ಬಳ್ಳಾರಿಯಿಂದ ದೇಶಕ್ಕೆ ಹೋದದ್ದು ಹೆಚ್ಚಾಗಿ ಮಾತ್ರೆ. ಕುಟುಂಬವನ್ನು ಕೂರಿಸಿಕೊಂಡು ಮಾತಾಡುವ ಕೆಲಸ ದೊಡ್ಡ ಆಸ್ಪತ್ರೆಗಳಲ್ಲೇ ಉಳಿಯಿತು. ಯಾದಗಿರಿ, ರಾಯಚೂರು ಕಡೆಯಿಂದ ಗುಳೆ ಬಂದು ಬೆಂಗಳೂರಿನ ಹೊರವಲಯದ ತಗಡಿನ ಶೆಡ್ಡುಗಳಲ್ಲಿರುವ ಕಟ್ಟಡ ಕಾರ್ಮಿಕರನ್ನೇ ನೋಡಿ. ‘ಮುಂದಿನ ಬುಧವಾರ ಬೆಳಿಗ್ಗೆ ಹತ್ತಕ್ಕೆ ಎಲ್ಲರೂ ಬನ್ನಿ’ ಎಂದರೆ ಗಂಡನದೂ ಹೆಂಡತಿಯದೂ ಎರಡು ಕೂಲಿ ಹೋಯಿತು, ಮಗನ ಶಾಲೆ ತಪ್ಪಿತು, ಬಸ್ ಚಾರ್ಜು ಬೇರೆ. ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ಮಾನಸಿಕ ಕಾಯಿಲೆಯ ಚಿಕಿತ್ಸೆ ಮತ್ತು ಓಡಾಟಕ್ಕೆ ಕುಟುಂಬವೊಂದು ತಿಂಗಳಿಗೆ ಸುಮಾರು 1,000ದಿಂದ 1,500 ರೂಪಾಯಿ ಖರ್ಚು ಮಾಡುತ್ತಿತ್ತು. ಎರಡು ಸಲ ಬಂದು ಮೂರನೆಯ ಸಲ ಬಾರದವರ ಫೈಲಿನಲ್ಲಿ ‘ಸಹಕಾರವಿಲ್ಲ’ ಎಂದು ಬರೆದುಬಿಡುವುದು ಸುಲಭ. ಅವರು ಸಹಕರಿಸಿಯೇ ಎರಡು ದಿನದ ಕೂಲಿ ಬಿಟ್ಟಿದ್ದರು.

ಮನೆಗೆ ಹೋದರೂ ಕಷ್ಟಗಳಿವೆ. ಒಂದೇ ಕೋಣೆ, ಗೋಡೆಯಾಚೆ ನೆಂಟರು, ಬಾಗಿಲಲ್ಲಿ ಕುತೂಹಲದ ಮಕ್ಕಳು. ಅತ್ತೆಯೆದುರು ಸೊಸೆ ಬಾಯಿ ಬಿಡುವುದಿಲ್ಲ. ಸಂಘದ ಸಾಲದ ಕಂತಿನ ದಿನವಾದರೆ ಮಾತೆಲ್ಲ ಕಂತಿನ ಬಗ್ಗೆಯೇ. ಮಾತಾಡಲಿ, ಅದೂ ಚಿಕಿತ್ಸೆಯ ವಿಷಯವೇ. ಮೈಕ್ರೋಫೈನಾನ್ಸ್ ವಸೂಲಿಗಾರರ ಕಾಟಕ್ಕೆ ಜನ ಊರು ಬಿಟ್ಟ, ಪ್ರಾಣ ಕಳೆದುಕೊಂಡ ಸುದ್ದಿಗಳ ನಂತರ 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತರಬೇಕಾಯಿತು. ಇಂಥ ಮನೆಯ ಜಗಳ ಬಿಡಿಸಲು ಹೊರಟ ಆಪ್ತಸಮಾಲೋಚಕರಿಗೆ ಆ ಕಾನೂನು, ರೇಷನ್ ಕಾರ್ಡಿನ ನಿಯಮ, ಪಿಂಚಣಿಯ ಅರ್ಜಿ ಗೊತ್ತಿರದಿದ್ದರೆ ಅವರ ಮಾತು ಮನೆಯವರಿಗೆ ಏಕಾದರೂ ಬೇಕು?

ಒಂದು ಎಚ್ಚರಿಕೆಯನ್ನು ಇಲ್ಲಿ ಖಂಡಿತವಾಗಿ ಹೇಳಬೇಕು. ಹೊಡೆತ ಬಡಿತ ನಡೆಯುತ್ತಿರುವ ಮನೆಯಲ್ಲಿ ಗಂಡ ಹೆಂಡತಿಯನ್ನು ಒಟ್ಟಿಗೆ ಕೂರಿಸಿ ‘ಮನಸ್ಸು ಬಿಚ್ಚಿ ಮಾತಾಡಿ’ ಎನ್ನುವುದು ಅಪಾಯ. ಒಳಗೆ ಆಡಿದ ಒಂದು ಮಾತಿಗೆ ಆಕೆ ರಾತ್ರಿ ಪೆಟ್ಟು ತಿನ್ನಬೇಕಾದೀತು. ಅಂಥ ಕಡೆ ಮೊದಲು ಆಕೆಯೊಬ್ಬಳನ್ನೇ ಕಂಡು ಸುರಕ್ಷತೆ ವಿಚಾರಿಸಬೇಕು. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯ ಸಂರಕ್ಷಣಾಧಿಕಾರಿ, ಸಾಂತ್ವನ ಕೇಂದ್ರ, 181 ಸಹಾಯವಾಣಿಗಳನ್ನು ಜೋಡಿಸಬೇಕು. ‘ಹೊಂದಿಕೊಂಡು ಹೋಗಮ್ಮ’ ಎನ್ನುವುದು ಚಿಕಿತ್ಸೆಯಲ್ಲ.

ಇಷ್ಟೆಲ್ಲ ಕೆಲಸಕ್ಕೆ ಜನ ಎಲ್ಲಿದ್ದಾರೆ ಎಂದು ಕೇಳುವವರಿಗೆ ಪಾಕಿಸ್ತಾನದ ರಾವಲ್ಪಿಂಡಿ ಸೀಮೆಯ ಹಳ್ಳಿಗಳಲ್ಲಿ ಉತ್ತರವಿದೆ. ನಮ್ಮ ಆಶಾ ಕಾರ್ಯಕರ್ತೆಯರಂಥ ಅಲ್ಲಿನ ಮಹಿಳಾ ಆರೋಗ್ಯ ಕಾರ್ಯಕರ್ತೆಯರಿಗೆ ಮನೋವೈದ್ಯ ಆತಿಫ್ ರೆಹಮಾನ್ ತಂಡ ಸರಳ ತರಬೇತಿ ಕೊಟ್ಟಿತು. ಅವರು ಖಿನ್ನತೆಯಿದ್ದ ಬಸುರಿ ಬಾಣಂತಿಯರ ಮನೆಗೆ ಹೋಗಿ, ಮನೆಯವರನ್ನೂ ಸೇರಿಸಿಕೊಂಡು ಮಾತಾಡಿದರು. 2008ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆ ಪ್ರಕಟಿಸಿದ ಫಲಿತಾಂಶದಲ್ಲಿ, ಹೆರಿಗೆಯಾಗಿ ಆರು ತಿಂಗಳ ಹೊತ್ತಿಗೆ ಈ ನೆರವು ಪಡೆದ ತಾಯಂದಿರಲ್ಲಿ ಶೇ 23ರಷ್ಟು ಮಂದಿಗೆ ಖಿನ್ನತೆ ಉಳಿದಿತ್ತು. ಪಡೆಯದವರಲ್ಲಿ ಅದು ಶೇ 53. ಕೀನ್ಯಾದ ಎಲ್ಡೊರೆಟ್ ಸುತ್ತ, ಊರವರೇ ಆರಿಸಿಕೊಟ್ಟ ಸಾಮಾನ್ಯ ಜನ ಕುಟುಂಬ ಚಿಕಿತ್ಸೆಯನ್ನೇ ಕಲಿತು ಮನೆಮನೆಗೆ ಹೋದ ಪ್ರಯೋಗವೂ ನಡೆದಿದೆ. ಕರ್ನಾಟಕದಲ್ಲಿ ಆಶಾ ಕಾರ್ಯಕರ್ತೆಗೆ ಗೊತ್ತಿಲ್ಲದ ಮನೆಯಿಲ್ಲ. ಆದರೆ ಈಗಿರುವ ಅಲ್ಪ ಗೌರವಧನದ ಮೇಲೆ ಇನ್ನೊಂದು ಹೊರೆ ಹೊರಿಸುವುದು ಅನ್ಯಾಯ. ತರಬೇತಿ, ಮೇಲ್ವಿಚಾರಣೆ, ಪ್ರತ್ಯೇಕ ವೇತನ ಮೂರೂ ಜೊತೆಗೆ ಬರಬೇಕು.

ಕಾನೂನು ಈಗಾಗಲೇ ಜನರ ಪರವಾಗಿದೆ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯ 18ನೆಯ ಪ್ರಕರಣ ಬಡತನ ರೇಖೆಗಿಂತ ಕೆಳಗಿರುವವರಿಗೆ ಉಚಿತ ಚಿಕಿತ್ಸೆಯ ಹಕ್ಕು ಕೊಡುತ್ತದೆ. ರೋಗಿಯ ಕುಟುಂಬಕ್ಕೆ ನೆರವಾಗುವ ಸೇವೆಯನ್ನೂ ಸರ್ಕಾರದ ಹೊಣೆಗಳಲ್ಲಿ ಸೇರಿಸುತ್ತದೆ. ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ ವಾರಕ್ಕೊಂದು ಸಂಜೆ, ಕೂಲಿ ಮುಗಿದ ಮೇಲೆ, ಕುಟುಂಬಗಳಿಗಾಗಿ ಬಾಗಿಲು ತೆರೆದಿರಲಿ. ಹಗಲಲ್ಲೇ ಬರಬೇಕಾದವರಿಗೆ ಆ ದಿನದ ಕೂಲಿ ಮತ್ತು ಬಸ್ ಚಾರ್ಜು ಸಿಗಲಿ. ಇದನ್ನು ನಿಮ್ಮ ಶಾಸಕರಿಗೂ ಜಿಲ್ಲಾ ಆರೋಗ್ಯಾಧಿಕಾರಿಗೂ ಬರೆದು ಕೇಳಿ. ಅಲ್ಲಿಯತನಕ, ನಿಮ್ಮ ಮನೆಗೆಲಸದವರೋ ಪಕ್ಕದ ಶೆಡ್ಡಿನವರೋ ಮನೆಯ ಸಂಕಟ ಹೇಳಿಕೊಂಡರೆ 14416ಕ್ಕೆ ಕರೆ ಮಾಡಲು ಹೇಳಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಈ ಸಂಖ್ಯೆ ಉಚಿತ, ಹಗಲೂ ರಾತ್ರಿಯೂ ಲಭ್ಯ, ಕನ್ನಡದಲ್ಲೇ ಮಾತಾಡಬಹುದು.